ನಲವತ್ತು ಗುಂಟೆಯ ಅಪವರ್ತನ

ಹತ್ತನೇ ತರಗತಿಯ ಬೀಜಗಣಿತದಲ್ಲಿ ನನಗೆ ತುಂಬಾ ರುಚಿಸುವುದು ಅಪವರ್ತನ. ಮಕ್ಕಳಿಗೆ ಮಾತ್ರ ಸೂತ್ರದ ಮೇಲೆ ಪ್ರೀತಿ. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಯಾವ ಹೈಸ್ಕೂಲಿನ ಬೋರ್ಡಿನ ಮೇಲೆ ವರ್ಗ ಸಮೀಕರಣ ಬರೆದರೂ ಒಂದು ದನಿ ಏಳುತ್ತದೆ: "ಸಾರ್, ಸೂತ್ರ ಹಾಕ್ಬಿಡ್ಲಾ?" ಹಾಕಬಹುದು. ಸೂತ್ರ ಎಂದೂ ಕೈಕೊಡುವುದಿಲ್ಲ. ಆದರೆ ಲೆಕ್ಕದ ಒಳಗೇನಿದೆ ಎಂದು ನೋಡಲು ಬಿಡುವುದೂ ಇಲ್ಲ.

ದೊಡ್ಡೇರಿಯಲ್ಲೊಂದು ಎಕರೆ ಕಡಲೇಕಾಯಿ ಹೊಲ ಇದೆಯೆನ್ನಿ. ಎಕರೆಗೆ 40 ಗುಂಟೆ. ಸರ್ವೆಯವರ ಸರಪಳಿ 33 ಅಡಿ, ಅಂದರೆ 16 ಆಣೆ. ಉದ್ದಕ್ಕೊಂದು, ಅಗಲಕ್ಕೊಂದು ಸರಪಳಿ ಹಿಡಿದರೆ ಸರಿಯಾಗಿ ಒಂದು ಗುಂಟೆ. ಹೊಲದ ಉದ್ದ ಅಗಲಕ್ಕಿಂತ 3 ಸರಪಳಿ ಹೆಚ್ಚು. ಅಗಲ 'ಅ' ಆದರೆ, ಅ² + 3ಅ − 40 = 0. ಈಗ 40ನ್ನು ಒಡೆಯಿರಿ: 40 ಮತ್ತು 1, 20 ಮತ್ತು 2, 10 ಮತ್ತು 4, 8 ಮತ್ತು 5. ವ್ಯತ್ಯಾಸ 3 ಬರುವುದು ಕೊನೆಯ ಜೋಡಿಯಲ್ಲಿ. ಹಾಗಾಗಿ (ಅ + 8)(ಅ − 5) = 0. ಗುಣಲಬ್ಧ ಸೊನ್ನೆಯಾದರೆ ಎರಡರಲ್ಲಿ ಒಂದಾದರೂ ಸೊನ್ನೆಯಾಗಲೇಬೇಕು. ಎಲ್ಲವನ್ನೂ ಎಡಕ್ಕೆ ತಂದು ಬಲಕ್ಕೆ ಸೊನ್ನೆ ಉಳಿಸುವುದು ಇದಕ್ಕಾಗಿಯೇ. ಅಗಲ 5, ಇಲ್ಲವೇ −8.

ಅಗಲ ಋಣವಾಗದು ಎಂದು ಬರೆದು −8ನ್ನು ಹೊಡೆದುಹಾಕುವುದು ರೂಢಿ. ಅಂಕವೂ ಸಿಗುತ್ತದೆ. ಆದರೆ ಆ 8 ಬೇರೇನೂ ಅಲ್ಲ, ಹೊಲದ ಉದ್ದವೇ. ಚಿಹ್ನೆ ಬದಲಾಗಿದೆ, ಅಷ್ಟೆ.

ಎಲ್ಲ ಲೆಕ್ಕದಲ್ಲೂ ಹೀಗಾಗದು. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಸುಮಾರು 850ರಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಒಂಟೆಗಳ ಲೆಕ್ಕವಿದೆ: ಹಿಂಡಿನ ಕಾಲುಭಾಗ ಕಾಡಿನಲ್ಲಿ, ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಲ್ಲಿ, ಉಳಿದ 15 ಹೊಳೆ ದಂಡೆಯಲ್ಲಿ. ವರ್ಗಮೂಲ 'ಮ' ಆದರೆ 3ಮ² − 8ಮ − 60 = 0. ಇಲ್ಲಿ ಒಡೆಯಬೇಕಾದದ್ದು 3 ಮತ್ತು 60ರ ಗುಣಲಬ್ಧ 180ನ್ನು. 18 ಮತ್ತು 10 ಹೊಂದುತ್ತವೆ. (ಮ − 6)(3ಮ + 10) = 0. ಒಂಟೆಗಳು 36. ಇನ್ನೊಂದು ಮೂಲ ಹಿಡಿದರೆ ಹನ್ನೊಂದು ಒಂಟೆ, ಜೊತೆಗೊಂದು ಒಂಟೆಯ ಒಂಬತ್ತನೇ ಒಂದು ಪಾಲು! ಇದನ್ನು ಧಾರಾಳವಾಗಿ ಹೊಡೆದುಹಾಕಿ.

ಮತ್ತೆ ಎಕರೆಗೆ ಬನ್ನಿ. ಉದ್ದ 2 ಸರಪಳಿ ಮಾತ್ರ ಹೆಚ್ಚಿದ್ದರೆ? 40ರ ಜೋಡಿಗಳ ವ್ಯತ್ಯಾಸ 39, 18, 6, 3, ಎರಡು ಅಲ್ಲಿಲ್ಲ. ಶೋಧಕವೂ ಅದನ್ನೇ ಹೇಳುತ್ತದೆ: 4 + 160 = 164, ಪೂರ್ಣವರ್ಗವಲ್ಲ. ಆಗ ಹೆಚ್ಚಿರುವ ಎರಡರಲ್ಲಿ ಒಂದು ಸರಪಳಿ ಪಟ್ಟಿಯನ್ನು ಕತ್ತರಿಸಿ ಹೊಲದ ಪಕ್ಕಕ್ಕೆ ಜೋಡಿಸಿ. ಮೂಲೆಯಲ್ಲಿ ಒಂದು ಗುಂಟೆ ಕಮ್ಮಿ ಬೀಳುತ್ತದೆ. ಅದನ್ನು ತುಂಬಿದರೆ 41 ಗುಂಟೆಯ ಚೌಕ: (ಅ + 1)² = 41. ಅಗಲ ಸುಮಾರು 5 ಸರಪಳಿ ಆರೂವರೆ ಆಣೆ. ಸೂತ್ರದೊಳಗೆ ವರ್ಗಮೂಲದ ಚಿಹ್ನೆ ಬಂದು ಕೂತದ್ದು ಈ ಮೂಲೆ ತುಂಬುವ ಕೆಲಸದಿಂದಲೇ. ಒಮ್ಮೆ ಕೈಯಾರೆ ಇದನ್ನು ಮಾಡಿದವರು ಸೂತ್ರ ಹಾಕಲಿ, ನನ್ನದೇನೂ ತಕರಾರಿಲ್ಲ.