ಉದ್ರಿ ಪುಸ್ತಕದ ಮುಂದೆ ಏಳು ಅಭ್ಯಾಸಗಳು

ಸ್ಟೀಫನ್ ಕೋವೆಯ ‘ದ ಸೆವೆನ್ ಹ್ಯಾಬಿಟ್ಸ್ ಆಫ್ ಹೈಲಿ ಎಫೆಕ್ಟಿವ್ ಪೀಪಲ್’ 1989ರಲ್ಲಿ ಬಂತು. ನಾಯಕತ್ವ, ವ್ಯಕ್ತಿತ್ವ ವಿಕಸನ ಎಂಬ ಹೆಸರಿನ ಎಷ್ಟೋ ತರಬೇತಿಗಳಿಗೆ ಇಂದಿಗೂ ಅದೇ ಮೂಲ. ಕಂಪನಿಗಳ ಅಧಿಕಾರಿಗಳಿಗೆ ಒಪ್ಪುವ ಈ ಪುಸ್ತಕವನ್ನು ಕಾನಹೊಸಹಳ್ಳಿಯ ಗೊಬ್ಬರದಂಗಡಿಯಲ್ಲಿ ಇಟ್ಟು ಓದಿದರೆ ಎಷ್ಟು ದಕ್ಕುತ್ತದೆ?

ಹೊಸಪೇಟೆ–ಚಿತ್ರದುರ್ಗ ಹೆದ್ದಾರಿಯ ಈ ಊರಿನ ಸುತ್ತ ಹೆಚ್ಚಿನದು ಮಳೆ ನಂಬಿದ ಹೊಲ. ಮುಂಗಾರಿನಲ್ಲಿ ಬೀಜ, ಗೊಬ್ಬರ ಉದ್ರಿ ಹೋಗುತ್ತವೆ; ಶೇಂಗಾ, ಮೆಕ್ಕೆಜೋಳ ಮಾರಿದ ಮೇಲೆ ದುಡ್ಡು ಬರುತ್ತದೆ. ಮಳೆ ಕೈಕೊಟ್ಟರೆ ಬಾಕಿ ಮುಂದಿನ ವರ್ಷಕ್ಕೆ. ಇಂಥಲ್ಲಿ ಕೋವೆಯ ಮೊದಲ ಅಭ್ಯಾಸ ನಿಜಕ್ಕೂ ಉಪಯೋಗದ್ದು. ನಮ್ಮ ಚಿಂತೆಗೆ ಸಿಗುವುದು ಬಹಳ, ಕೈಗೆ ಸಿಗುವುದು ಸ್ವಲ್ಪ, ಶ್ರಮ ಆ ಸ್ವಲ್ಪದ ಮೇಲಿರಲಿ ಎನ್ನುತ್ತಾನೆ ಆತ. ಮಳೆಯಾಗಲಿ, ಪೇಟೆಯ ಧಾರಣೆಯಾಗಲಿ ಅಂಗಡಿಯವರ ಕೈಯಲ್ಲಿಲ್ಲ. ಯಾರಿಗೆ ಎಷ್ಟು ಉದ್ರಿ, ಎಲ್ಲಿಗೆ ನಿಲ್ಲಿಸಬೇಕು, ಮನೆಯ ಮದುವೆ-ಜಾತ್ರೆಯ ಖರ್ಚಿಗೆ ಗಲ್ಲಾಪೆಟ್ಟಿಗೆಗೆ ಕೈ ಹಾಕಬೇಕೋ ಬೇಡವೋ ಎಂಬುದು ಅವರ ಕೈಯಲ್ಲಿದೆ. ದಿನಾ ಸಂಜೆ ನಗದು ಬೇರೆ, ಉದ್ರಿ ಬೇರೆ ಬರೆದು ಕದ ಹಾಕುವ ಸಾವ್ಕಾರ ಈ ಪುಸ್ತಕ ಓದದೆಯೂ ಅದರ ಅರ್ಧ ಪಾಠ ಕಲಿತಿದ್ದಾನೆ.

ಉಳಿದ ಅರ್ಧದ ಬಗ್ಗೆ ನನಗೆ ತಕರಾರಿದೆ. ಇಬ್ಬರಿಗೂ ಲಾಭವಾಗುವಂತೆ ವ್ಯವಹರಿಸಿ, ಆಗದಿದ್ದರೆ ವ್ಯವಹಾರವೇ ಬೇಡವೆಂದು ಇಬ್ಬರೂ ಎದ್ದುಹೋಗಿ ಎನ್ನುತ್ತದೆ ಪುಸ್ತಕ. ಬಾಕಿ ಇರುವ ರೈತ ಎದ್ದು ಎಲ್ಲಿಗೆ ಹೋಗಬೇಕು? ಮುಂಗಡ ಕೊಟ್ಟ ದಲಾಲಿ ಅಂಗಡಿಗೇ ಮಾಲು ಹಾಕಬೇಕಾದವನಿಗೆ ಆ ದಾರಿ ಆಗಲೇ ಮುಚ್ಚಿದೆ. ವಿಶ್ವಾಸವನ್ನು ಬ್ಯಾಂಕ್ ಖಾತೆಗೆ ಹೋಲಿಸುವ ಕೋವೆ, ಖಾತೆ ಒಬ್ಬರ ಹತ್ತಿರವೇ ಇದ್ದರೆ ಏನಾಗುತ್ತದೆ ಎಂದು ಯೋಚಿಸಿದಂತಿಲ್ಲ. ಉದ್ರಿ ಪುಸ್ತಕ ಅಂಗಡಿಯವರ ಮೇಜಿನೊಳಗಿರುತ್ತದೆ. ಬಡ್ಡಿ ಯಾವಾಗ ಸೇರಿತು, ಉದ್ರಿ ದರ ನಗದು ದರಕ್ಕಿಂತ ಎಷ್ಟು ಹೆಚ್ಚು ಎಂಬುದು ಗಿರಾಕಿಗೆ ಲೆಕ್ಕ ಮುಗಿಸುವ ದಿನವೇ ತಿಳಿಯುವುದುಂಟು. ಅಂಗಡಿಯವರು ಒಳ್ಳೆಯವರೇ ಇರಬಹುದು. ಆದರೆ ಒಳ್ಳೆಯತನ ಒಬ್ಬರ ಮನಸ್ಸಿನಲ್ಲಿ ಮಾತ್ರ ಇದ್ದರೆ ಎದುರಿನವರು ಅದನ್ನು ಪರೀಕ್ಷಿಸುವುದು ಹೇಗೆ?

ಇದಕ್ಕೆ ಉತ್ತರ ಅಮೆರಿಕದ ಪುಸ್ತಕಕ್ಕಿಂತ ನಮ್ಮ ಓಣಿಯಲ್ಲೇ ಚೆನ್ನಾಗಿ ಸಿಗುತ್ತದೆ. 2000-01ರಲ್ಲಿ ರಾಜ್ಯದಲ್ಲಿ ಶುರುವಾದ ಸ್ತ್ರೀಶಕ್ತಿ ಯೋಜನೆಯ ಸಂಘಗಳ ಪದ್ಧತಿ ನೋಡಿ. ವಾರದ ಸಭೆ, ಎಲ್ಲರೆದುರು ಉಳಿತಾಯ, ಎಲ್ಲರೆದುರೇ ಸಾಲದ ತೀರ್ಮಾನ, ಸದಸ್ಯರ ಕೈಯಲ್ಲಿ ಪಾಸ್‌ಬುಕ್. ಎಲ್ಲ ಸಂಘಗಳೂ ಹೀಗೇ ನಡೆಯುತ್ತವೆ ಎನ್ನಲಾರೆ. ನಡೆದಲ್ಲಿ ಓದು ಬಾರದ ಹೆಂಗಸೂ ತನ್ನ ಬಾಕಿ ಎಷ್ಟೆಂದು ಬಾಯಲ್ಲಿ ಹೇಳಬಲ್ಲಳು. ತನ್ನನ್ನು ಪ್ರಶ್ನಿಸುವ ಹಕ್ಕನ್ನು ಇತರರಿಗೆ ಕೊಡುವ ಈ ಅಭ್ಯಾಸಕ್ಕೆ ಕೋವೆಯ ಏಳರಲ್ಲಿ ಜಾಗವಿಲ್ಲ. ನಾಯಕತ್ವದಲ್ಲಿ ನಾನು ಮೊದಲು ಹುಡುಕುವುದು ಅದನ್ನೇ.

ಏಳನೆಯ ಅಭ್ಯಾಸ ವಿಶ್ರಾಂತಿಯದು, ದೇಹ-ಮನಸ್ಸನ್ನು ಹೊಸದಾಗಿಸಿಕೊಳ್ಳುವುದು. ಮಾಲೀಕರಿಗೆ ಹೇಳಿದ ಈ ಮಾತು ಮೂಟೆ ಹೊರುವ ಹುಡುಗನಿಗೂ ಸಲ್ಲಬೇಕಲ್ಲ? ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಕೆಲಸಗಾರರಿಗೆ ವಾರದ ರಜೆಯನ್ನು 1961ರಲ್ಲೇ ಬರೆದಿದೆ. ಸ್ವಂತ ಬೆಳವಣಿಗೆಯ ಶಿಬಿರಗಳಲ್ಲಿ ಆ ಹುಡುಗನ ಪ್ರಸ್ತಾಪ ಬರುವುದೇ ಅಪರೂಪ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಯ ವ್ಯಾಪಾರಿಗಳಿಗೆ ತರಬೇತಿ ಕೊಡುವವರು ಕೋವೆಯನ್ನು ಓದಿಸಲಿ, ಅಡ್ಡಿಯಿಲ್ಲ. ಜೊತೆಗೆ ಗಿರಾಕಿಗೊಂದು ಸಣ್ಣ ಪುಸ್ತಕ ಕೊಟ್ಟು, ಎರಡೂ ಕಡೆ ಒಂದೇ ಹೊತ್ತಿಗೆ ಬರೆಯುವುದನ್ನು ರೂಢಿ ಮಾಡಿಸಲಿ. ಫೋನಿನಲ್ಲಿ ಹತ್ತು ರೂಪಾಯಿ ಕೊಟ್ಟರೂ ಕೊಟ್ಟವರ ಕೈಯಲ್ಲಿ ಈಗ ದಾಖಲೆ ಉಳಿಯುತ್ತದೆ. ಹತ್ತು ಸಾವಿರದ ಉದ್ರಿಗೂ ಹಾಗೆ ಉಳಿಸಿಕೊಡಲು ಬೇಕಾದದ್ದು ಒಂದು ನೋಟುಬುಕ್ ಮತ್ತು ಅಂಗಡಿಯವರ ಒಪ್ಪಿಗೆ.