ಬಾಣ ಬಿಟ್ಟ ಮೇಲೆ

ಆಫ್ರಿಕಾಕ್ಕೆ ಮೊದಲ ಸಲ ಬಿಲ್ಲು ಹೊತ್ತು ಬೇಟೆಗೆ ಹೋಗುವವರು ಸಾಮಾನ್ಯವಾಗಿ ತಲುಪುವುದು ದಕ್ಷಿಣ ಆಫ್ರಿಕಾದ ಲಿಂಪೋಪೊ ಪ್ರಾಂತ್ಯದ ಬೇಲಿ ಹಾಕಿದ ಫಾರ್ಮನ್ನು, ಇಲ್ಲವೇ ನಮೀಬಿಯಾದ ಒಣ ಬಯಲನ್ನು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಳೆ ಇಲ್ಲವೆಂದೇ ಹೇಳಬಹುದು. ಹಳ್ಳಗಳು ಬತ್ತುತ್ತವೆ. ಪ್ರಾಣಿಗಳಿಗೆ ಗತಿಯಾಗಿ ಉಳಿಯುವುದು ಮಾಲೀಕ ಪಂಪಿನಿಂದ ತುಂಬಿಸುವ ನೀರಿನ ಗುಂಡಿ. ಅದರಿಂದ ಇಪ್ಪತ್ತು ಮೀಟರ್ ದೂರದಲ್ಲಿ, ಅರ್ಧ ನೆಲದೊಳಗೆ ಇಳಿಸಿ ಕಟ್ಟಿದ ಮರೆ. ಒಳಗೆ ಕತ್ತಲೆ, ಒಂದು ಕುರ್ಚಿ, ಬಾಣ ಹೊರಡಲು ಒಂದು ಕಿಂಡಿ. ಕತ್ತಲಲ್ಲಿ ಕತ್ತಲಾಗಿರಲೆಂದು ಬೇಟೆಗಾರ ಕಪ್ಪು ಅಂಗಿ ತೊಟ್ಟು ಕೂರುತ್ತಾನೆ. ಮೊದಲು ಗಿನಿಕೋಳಿಗಳು ಬರುತ್ತವೆ, ಬಿಸಿಲೇರಿದಂತೆ ಕಾಡುಹಂದಿಗಳು, ಇಂಪಾಲ ಹುಲ್ಲೆಗಳ ಹಿಂಡು. ಅದೃಷ್ಟವಿದ್ದರೆ ತಿರುಚಿದ ಕೊಂಬಿನ ಗಂಡು ಕುಡು ಹುಲ್ಲೆ. ಒಂದೊಂದು ಪ್ರಾಣಿಗೂ ದರಪಟ್ಟಿಯಲ್ಲಿ ಒಂದೊಂದು ಬೆಲೆ ಇದೆ. ಬಾಣ ತಾಗಿ ರಕ್ತ ಬಿದ್ದರೆ, ಪ್ರಾಣಿ ಸಿಗಲಿ ಬಿಡಲಿ, ಆ ಬೆಲೆ ತೆರಬೇಕೆಂಬುದು ಅಲ್ಲಿನ ವ್ಯವಹಾರದ ರೂಢಿ.

ಬಿಲ್ಲುಬೇಟೆಯ ಪರವಾಗಿ ಹೇಳುವ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ರೈಫಲ್ ಇನ್ನೂರು ಮೀಟರ್ ಆಚೆಯಿಂದ ಕೊಲ್ಲುತ್ತದೆ. ಬಿಲ್ಲಿಗೆ ಹತ್ತಿರ ಹೋಗಬೇಕು: ಗಾಳಿಯ ದಿಕ್ಕು ನೋಡಬೇಕು, ತೆವಳಬೇಕು, ಹತ್ತರಲ್ಲಿ ಒಂಬತ್ತು ಸಲ ಬರಿಗೈಯಲ್ಲಿ ಮರಳಬೇಕು. ಈ ಕಷ್ಟವೇ ಬೇಟೆಯನ್ನು ನ್ಯಾಯವಾಗಿಸುತ್ತದೆ ಎಂಬ ನಂಬಿಕೆಯ ಬೇರು ಅಮೆರಿಕದಲ್ಲಿದೆ. ತನ್ನ ಯಾಹಿ ಜನರಲ್ಲಿ ಕೊನೆಯವನಾಗಿ ಉಳಿದಿದ್ದ ಇಶಿ 1911ರಲ್ಲಿ ಕ್ಯಾಲಿಫೋರ್ನಿಯಾದ ಬೆಟ್ಟಗಳಿಂದ ಹೊರಬಂದ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವನಿಗೆ ವೈದ್ಯನಾದ ಸ್ಯಾಕ್ಸ್‌ಟನ್ ಪೋಪ್ ಅವನಿಂದಲೇ ಬಿಲ್ಲುವಿದ್ಯೆ ಕಲಿತ. ಇಶಿ 1916ರಲ್ಲಿ ಕ್ಷಯದಿಂದ ತೀರಿಕೊಂಡ. 1925ರಲ್ಲಿ ಪೋಪ್ ತನ್ನ ಗೆಳೆಯ ಆರ್ಥರ್ ಯಂಗ್ ಜೊತೆ ಸಿಂಹದ ಬೇಟೆಗೆಂದು ಟಾಂಗನೀಕಕ್ಕೆ ಹೋದ. ರೈಫಲ್ ಹಿಡಿದ ಸ್ಟೀವರ್ಟ್ ಎಡ್ವರ್ಡ್ ವೈಟ್ ಅವರ ಜೊತೆಗಿದ್ದ. ಹೊಟ್ಟೆಪಾಡಿಗೆ ಬೇಟೆಯಾಡಿದವನ ವಿದ್ಯೆ ಹೀಗೆ ಒಂದೂವರೆ ದಶಕದೊಳಗೆ ಸಾಹಸವಾಗಿ ಆಫ್ರಿಕಾ ಮುಟ್ಟಿತು.

ಇಂದಿನ ಹೊಸಬನ ಸಫಾರಿಯಲ್ಲಿ ಆ ಕಷ್ಟದಲ್ಲಿ ಉಳಿದಿರುವುದೆಷ್ಟು? ತೆವಳುವ ಕೆಲಸವನ್ನು ಬಾಯಾರಿಕೆ ವಹಿಸಿಕೊಂಡಿದೆ. ಪ್ರಾಣಿಯೇ ಬಿಲ್ಲಿನ ಬಳಿಗೆ ನಡೆದು ಬರುತ್ತದೆ. ಕಾಂಪೌಂಡ್ ಬಿಲ್ಲಿನ ತುದಿಯ ಚಕ್ರಗಳು ಹೆದೆಯನ್ನು ಪೂರ್ತಿ ಎಳೆದಾಗ ಭಾರದ ಬಹುಪಾಲನ್ನು ತಾವೇ ಹೊರುವುದರಿಂದ ತೋಳು ನಡುಗುವ ಮುನ್ನ ಗುರಿಯಿಡಲು ಸಾಕಷ್ಟು ಸಮಯ ಸಿಗುತ್ತದೆ. ದಕ್ಷಿಣ ಆಫ್ರಿಕಾದ 1991ರ ಕಾಯ್ದೆಯ ಪ್ರಕಾರ ಸರಿಯಾದ ಬೇಲಿಯೊಳಗಿನ ಕಾಡುಪ್ರಾಣಿ ಜಮೀನುದಾರನ ಸ್ವತ್ತು. ಬೇಲಿ, ನೀರು, ಮರೆ, ಚಕ್ರ ಎಲ್ಲವೂ ಸೇರಿ ಬೇಟೆಗಾರನ ಪಾಲಿನ ಕಷ್ಟವನ್ನು ಕಳೆದಿವೆ. ಪ್ರಾಣಿಯ ಪಾಲಿನದು ಮಾತ್ರ ಹಾಗೇ ಇದೆ. ನನ್ನ ತಕರಾರಿನ ತಿರುಳು ಇದು.

ನಮಗೆ ದಶರಥನ ಕಥೆ ಗೊತ್ತು. ನೀರಿಗೆ ಬಂದ ಜೀವದ ಮೇಲೆ ಕತ್ತಲಲ್ಲಿ ಬಿಟ್ಟ ಬಾಣ ಅದು. ಶಬ್ದವೇಧಿ ಬಲ್ಲ ಬಿಲ್ಗಾರ ಅವನು, ಆದರೂ ಕಥೆ ಅವನ ಕೈಚಳಕದ ಬಳಿ ನಿಲ್ಲುವುದಿಲ್ಲ. ಬಾಣ ನೆಟ್ಟ ಕಡೆಗೆ, ಶ್ರವಣಕುಮಾರನ ಬಳಿಗೆ ಹೋಗುತ್ತದೆ. ಬಿಲ್ಲುಬೇಟೆಯನ್ನೂ ಅಲ್ಲಿಂದಲೇ ಅಳೆಯಬೇಕು.

ಗುಂಡಿನಂತೆ ಬಾಣಕ್ಕೆ ಆಘಾತದಿಂದ ಕೆಡಹುವ ಬಲವಿಲ್ಲ. ಅಗಲ ಅಲಗು ನಾಳಗಳನ್ನು ಕತ್ತರಿಸುತ್ತದೆ, ಪ್ರಾಣಿ ರಕ್ತ ಸೋರಿ ಸಾಯುತ್ತದೆ. ಎರಡೂ ಶ್ವಾಸಕೋಶ ತೂರಿದರೆ ಸಾವು ಬೇಗ ಬರುತ್ತದೆ. ಕೈಯಗಲದಷ್ಟು ಹಿಂದೆ ಬಿದ್ದರೆ ಅದು ಹೊಟ್ಟೆಯ ಗಾಯ, ಆಗ ಗಂಟೆಗಟ್ಟಲೆ ನರಳಾಟ. ಹೊಸಬ ತಪ್ಪುವುದೂ ಇಲ್ಲಿಯೇ. ಅಮೆರಿಕದ ಜಿಂಕೆಯ ಮೇಲೆ ಕೈ ಪಳಗಿದವನು ಭುಜದ ಹಿಂದಕ್ಕೆ ಗುರಿಯಿಡುತ್ತಾನೆ. ಆಫ್ರಿಕಾದ ಹುಲ್ಲೆಗಳಲ್ಲಿ ಹೃದಯವೂ ಶ್ವಾಸಕೋಶವೂ ಇನ್ನೂ ಮುಂದೆ, ಇನ್ನೂ ತಗ್ಗಿನಲ್ಲಿ, ಮುಂಗಾಲಿನ ನೇರಕ್ಕೇ ಇರುತ್ತವೆ. ಅದೂ ಸಾಲದೆಂಬಂತೆ, ಬಾಣ ಸೆಕೆಂಡಿಗೆ ಸುಮಾರು 85 ಮೀಟರ್ ಓಡಿದರೆ ಹೆದೆಯ ಸದ್ದು 340 ಮೀಟರ್ ಓಡುತ್ತದೆ. ಬಾಣ ಮುಟ್ಟುವಷ್ಟರಲ್ಲಿ ಸದ್ದು ಕೇಳಿದ ಇಂಪಾಲ ನೆಗೆಯಲು ಮೈ ಕುಗ್ಗಿಸಿರುತ್ತದೆ. ಕಿಂಡಿಯಿಂದ ನೋಡಿದಾಗ ನಿಖರವಾಗಿದ್ದ ಗುರಿ ತಲುಪುವ ಹೊತ್ತಿಗೆ ಬೇರೆಯೇ ಆಗಿರುತ್ತದೆ.

ಆಮೇಲೆ ಬರುವವನು ಜಾಡುಗಾರ. ಈ ಇಡೀ ವ್ಯವಹಾರದಲ್ಲಿ ನನ್ನ ಪೂರ್ಣ ಗೌರವ ಅವನಿಗೆ. ಹುಲ್ಲಿನ ಗರಿಯ ಮೇಲಿನ ಹನಿ ನಸುಗೆಂಪಾಗಿ ನೊರೆಗಟ್ಟಿದ್ದರೆ ಶ್ವಾಸಕೋಶ, ಕಡುಗೆಂಪಾಗಿದ್ದರೆ ಯಕೃತ್ತು, ಹಸಿರು ಬೆರೆತು ನಾತ ಹೊಡೆದರೆ ಹೊಟ್ಟೆ, ಹಾಗಿದ್ದಲ್ಲಿ ಕೂಡಲೇ ಬೆನ್ನಟ್ಟಬಾರದು, ಪ್ರಾಣಿ ಮಲಗಲಿ ಎಂದು ಕಾಯಬೇಕು. ಗಟ್ಟಿ ನೆಲದಲ್ಲಿ ರಕ್ತ ನಿಂತ ಮೇಲೂ ಒಂದು ಕಲ್ಲು ಮಗುಚಿದ್ದು, ಗೊರಸಿನ ಒಂದಂಚು ಆಳವಾಗಿ ಊರಿದ್ದು ಅವನ ಕಣ್ಣಿಗೆ ಬೀಳುತ್ತದೆ. ನೂರಾರು ಗೊರಸಿನ ಗುರುತುಗಳ ನಡುವೆ ಗಾಯಗೊಂಡ ಒಂದನ್ನು ಬಿಡದೆ ಹಿಡಿದು ಸಾಗುತ್ತಾನೆ. ಬಿಲ್ಲುಬೇಟೆ ಬೇಡುವ ನಿಜವಾದ ವಿದ್ಯೆ ಇದೇ. ಹಣ ತೆತ್ತು ಬಂದ ಅತಿಥಿ ಹಿಂದೆ ನಡೆದು ಬರುತ್ತಾನೆ.

ಜಾಡು ತಡವಾದರೆ ಏನಾಗುತ್ತದೆಂದು ಜಗತ್ತು 2015ರ ಜುಲೈಯಲ್ಲಿ ಕಂಡಿತು. ಜಿಂಬಾಬ್ವೆಯ ಹ್ವಾಂಗೆ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ, ಆಕ್ಸ್‌ಫರ್ಡ್ ಸಂಶೋಧಕರ ಕಾಲರ್ ತೊಟ್ಟಿದ್ದ ಸೆಸಿಲ್ ಎಂಬ ಸಿಂಹಕ್ಕೆ ಅಮೆರಿಕದ ದಂತವೈದ್ಯನೊಬ್ಬ ರಾತ್ರಿ ಬಾಣ ಹೊಡೆದ. ಅದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದ ಆಂಡ್ರ್ಯೂ ಲವರಿಡ್ಜ್ ಅಂದಾಜಿಸಿದಂತೆ ಗಾಯಗೊಂಡ ಸಿಂಹ ಹತ್ತು ಹನ್ನೆರಡು ಗಂಟೆ ಬದುಕಿತ್ತು. ಅಷ್ಟು ಹೊತ್ತು ಅದನ್ನು ನರಳಿಸಿದ್ದು ತಡವಾದ ಜಾಡು, ಅದಕ್ಕೂ ಮೊದಲು ಆಯುಧದ ಆಯ್ಕೆ.

ಬೇಟೆಯ ಹಣ ಕಾಡನ್ನು ಉಳಿಸುತ್ತದೆ ಎಂಬ ವಾದಕ್ಕೆ ತೂಕವಿದೆ. ಕೆನ್ಯಾ 1977ರಲ್ಲಿ ಬೇಟೆ ನಿಷೇಧಿಸಿತು. ಅದರಿಂದಲೇ ಅಲ್ಲಿನ ಕಾಡುಪ್ರಾಣಿಗಳು ಸುರಕ್ಷಿತವಾದವೆಂದು ಯಾರೂ ಹೇಳಲಾರರು. ನಮೀಬಿಯಾ 1996ರ ಕಾನೂನಿನಿಂದ ಹಳ್ಳಿಗರಿಗೆ ತಮ್ಮ ನೆಲದ ಪ್ರಾಣಿಗಳ ಮೇಲೆ ಹಕ್ಕು ಕೊಟ್ಟಿತು. 1998ರಿಂದ ಹುಟ್ಟಿದ ಸಮುದಾಯ ಸಂರಕ್ಷಣಾ ವಲಯಗಳು ಈಗ ಎಂಬತ್ತು ದಾಟಿವೆ, ಬೇಟೆಯ ಹಣವೂ ಮಾಂಸವೂ ಅಲ್ಲಿ ಊರಿಗೆ ಸೇರುತ್ತವೆ. ಇದನ್ನು ನಾನು ಒಪ್ಪುತ್ತೇನೆ. ಆದರೆ ಈ ವಾದ ಬೇಟೆಯನ್ನು ಸಮರ್ಥಿಸುತ್ತದೆ, ಬಿಲ್ಲನ್ನಲ್ಲ. ಒಂದೇ ಗುಂಡಿನಲ್ಲಿ ಸತ್ತ ಕುಡುವಿನಿಂದ ಊರಿಗೆ ಸಿಗುವ ಮಾಂಸ ಕಡಿಮೆಯಾಗುವುದಿಲ್ಲ. ನಮೀಬಿಯಾ ಸರ್ಕಾರವೇ ಬಿಲ್ಲಿನ ಮಿತಿ ಬಲ್ಲದು: ಆನೆ, ಸಿಂಹ, ಕಾಡೆಮ್ಮೆಯಂಥ ಅಪಾಯಕಾರಿ ಪ್ರಾಣಿಗಳ ಮೇಲೆ ಅದು ಬಿಲ್ಲನ್ನು ಬಿಡುವುದಿಲ್ಲ, ಉಳಿದವಕ್ಕೂ ಬಾಣಕ್ಕೆ ಕನಿಷ್ಠ ಶಕ್ತಿಯನ್ನು ಗೊತ್ತುಮಾಡಿದೆ.

ಅದೇ ನಾಡಿನ ಈಶಾನ್ಯದ ನ್ಯಾಯೆ ನ್ಯಾಯೆಯಲ್ಲಿ, ಸಾನ್ ಸಮುದಾಯಕ್ಕೆ ಸೇರಿದ ಜುಹೊವಾನ್ಸಿ ಜನರ ಬಿಲ್ಲು ಬೇರೆಯದು. ಅದು ಚಿಕ್ಕದು, ಬಲವೂ ಕಡಿಮೆ. ಕೊಲ್ಲುವುದು ಜೀರುಂಡೆಯ ಮರಿಯಿಂದ ತೆಗೆದು ಬಾಣದ ಮೊನೆಯ ಹಿಂದಕ್ಕೆ ಬಳಿದ ವಿಷ. ಆ ಪ್ರಾಣಿಯೂ ನಿಧಾನವಾಗಿಯೇ ಸಾಯುತ್ತದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಹೊಡೆದವನೇ ಜಾಡು ಹಿಡಿದು ಹೋಗುತ್ತಾನೆ, ಕೆಲವೊಮ್ಮೆ ದಿನಗಟ್ಟಲೆ. ಮಾಂಸ ಹಂಚುವ ಹಕ್ಕು ಬಾಣದ ಒಡೆಯನದು, ಹೊಡೆದವನದಲ್ಲ. ದೊಡ್ಡ ಬೇಟೆ ತಂದವನನ್ನು ಊರವರು ಬೇಕೆಂದೇ ಹೀಗಳೆಯುತ್ತಾರೆ, ತಲೆಗೆ ಅಹಂಕಾರ ಏರದಿರಲಿ ಎಂದು. ಮಾನವಶಾಸ್ತ್ರಜ್ಞ ರಿಚರ್ಡ್ ಲೀ ಇದನ್ನು ದಾಖಲಿಸಿದ್ದಾರೆ. ಸತ್ತ ಪ್ರಾಣಿಯ ರಕ್ತ ಒರೆಸಿ, ಕೊಂಬು ದೊಡ್ಡದಾಗಿ ಕಾಣಲೆಂದು ಕ್ಯಾಮೆರಾ ತಗ್ಗಿಸಿ ಫೋಟೊ ತೆಗೆಸಿಕೊಳ್ಳುವ ಪದ್ಧತಿಗೂ ಇದಕ್ಕೂ ಎಲ್ಲಿಯ ಸಂಬಂಧ? ಪಕ್ಕದ ಬೋಟ್ಸ್‌ವಾನ 2014ರಲ್ಲಿ ಬೇಟೆ ನಿಲ್ಲಿಸಿದಾಗ ಬೇಲಿಯೊಳಗಿನ ಖಾಸಗಿ ಫಾರ್ಮ್‌ಗಳಿಗೆ ವಿನಾಯಿತಿ ಕೊಟ್ಟಿತು, ಕಲಹಾರಿಯ ಸಾನ್ ಜನರಿಗೆ ಕೊಡಲಿಲ್ಲ. 2019ರಲ್ಲಿ ನಿಷೇಧ ತೆರವಾಯಿತು. ಆ ಐದು ವರ್ಷ ಕಲಹಾರಿಯಲ್ಲಿ ಬೇಟೆಯ ಹಕ್ಕು ದುಡ್ಡಿದ್ದವನಿಗೆ ಇತ್ತು, ಹಸಿದವನಿಗೆ ಇರಲಿಲ್ಲ.

ಹೋಗಲೇಬೇಕೆನ್ನುವವರು ಬೇಲಿಯಿಲ್ಲದ ಸಮುದಾಯ ವಲಯಕ್ಕೆ ಹೋಗಲಿ, ನೀರಿನ ಬಳಿ ಹೊಂಚು ಹಾಕದೆ ಕಾಲ್ನಡಿಗೆಯಲ್ಲಿ ಹೋಗಲಿ, ಮೊದಲ ಬಾಣ ತಪ್ಪಿ ನೆಟ್ಟರೆ ಕೂಡಲೇ ರೈಫಲ್ ಬಳಸಲು ಮುಂಚೆಯೇ ಒಪ್ಪಿಕೊಂಡಿರಲಿ. ಗಾಯಗೊಂಡ ಪ್ರಾಣಿ ಸಿಗದಿದ್ದರೆ ಬೆಲೆ ತೆತ್ತು ಮರುದಿನ ಮತ್ತೆ ಮರೆಗೆ ಹೋಗಿ ಕೂರುವುದನ್ನು ಒಪ್ಪಲಾಗದು. ಆ ಸಫಾರಿ ಅಲ್ಲಿಗೇ ಮುಗಿಯಬೇಕು. ಮುಂಗಡ ಕಟ್ಟುವ ಮೊದಲು ಫಾರ್ಮಿನವರನ್ನು ಒಂದು ಪ್ರಶ್ನೆ ಕೇಳಬೇಕು: ಕಳೆದ ವರ್ಷ ಇಲ್ಲಿ ಬಾಣ ತಾಗಿಯೂ ಸಿಗದೆ ಹೋದ ಪ್ರಾಣಿಗಳೆಷ್ಟು? ಕೊಂಬಿನ ಉದ್ದವನ್ನು ಇಂಚಿನ ಭಾಗಗಳಲ್ಲಿ ಅಳೆದು ದಾಖಲೆ ಪುಸ್ತಕಕ್ಕೆ ಕಳಿಸುವವರು ಈ ಲೆಕ್ಕವನ್ನೂ ಇಟ್ಟಿರಬೇಕು. ಇಟ್ಟಿಲ್ಲ ಎನ್ನುವವರ ಫಾರ್ಮಿಗೆ ಹೋಗಬಾರದು.