ಭೀಮನ ಪಾಲಿಗೆ ಉಳಿದದ್ದು

ಫ್ಯಾಂಟಸಿ ಗೇಮ್‌ಗಳನ್ನು ಆಡುವವರ ನಡುವೆ ಮುಗಿಯದ ಜಗಳ ಒಂದಿದೆ: ಕತ್ತಿ ಹಿಡಿದ ಯೋಧನ ಬಲವೂ ಮಂತ್ರ ಬಲ್ಲ ಮಾಂತ್ರಿಕನ ಬಲವೂ ಸಮನಾಗಿರಬೇಕೇ? ಪಾತ್ರಗಳನ್ನು ಹೀಗೆ 'ಕ್ಲಾಸ್'ಗಳಾಗಿ ವಿಂಗಡಿಸುವ ಪದ್ಧತಿ 1974ರ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಮೇಜಿನ ಆಟದಿಂದ ಬಂದದ್ದು. ಅಲ್ಲಿ ಮಾಂತ್ರಿಕ ಮೊದಮೊದಲು ದಿನಕ್ಕೆ ಒಂದೇ ಮಂತ್ರ ಹಾಕಬಲ್ಲ ಬಡಪಾಯಿ. ಅದೇ ನಿಯಮಗಳ ಮೇಲೆ ಕಟ್ಟಿದ 'ಬಾಲ್ಡರ್ಸ್ ಗೇಟ್ 2' (2000) ಆಡಿದವರಿಗೆ ಮುಂದಿನ ಕತೆ ಗೊತ್ತು. ಕೊನೆಕೊನೆಗೆ ಮಾಂತ್ರಿಕ ಕಾಲವನ್ನೇ ನಿಲ್ಲಿಸುತ್ತಾನೆ. ಯೋಧ ಇನ್ನೂ ಕತ್ತಿಯನ್ನೇ ಬೀಸುತ್ತಿರುತ್ತಾನೆ.

ಒಬ್ಬನೇ ಕೂತು ಆರೂ ಪಾತ್ರಗಳನ್ನು ಆಡಿಸುವಾಗ ಇದರಿಂದ ಯಾರಿಗೂ ನೋವಿಲ್ಲ. ನಾಲ್ಕು ಜನ ಕೂಡಿ ಆಡುವಾಗ ಮಾತು ಬೇರೆ. ವಿಜಯನಗರದ ಸೈಬರ್ ಕೆಫೆಯೊಂದರಲ್ಲಿ ನಾವು 'ಡಯಾಬ್ಲೊ 2' ಆಡುತ್ತಿದ್ದ ದಿನಗಳಲ್ಲಿ, ಬಾರ್ಬೇರಿಯನ್ ಆಯ್ದುಕೊಂಡ ಗೆಳೆಯ ಓಡಿ ಹೋಗಿ ತಲುಪುವಷ್ಟರಲ್ಲಿ ಮಾಂತ್ರಿಕೆಯ ಹಿಮಗಾಳಿ ರಾಕ್ಷಸರನ್ನೆಲ್ಲ ಮುಗಿಸಿರುತ್ತಿತ್ತು. ಅವನು ಚಿನ್ನ ಹೆಕ್ಕುತ್ತ ಹಿಂದೆ ಬರುತ್ತಿದ್ದ. ಗಂಟೆಗೆ 20 ರೂಪಾಯಿ ಅವನೂ ಕೊಟ್ಟಿದ್ದ.

ಹಾಗಾದರೆ ಎಲ್ಲರನ್ನೂ ಸಮ ಮಾಡಿಬಿಡೋಣವೇ? 2008ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನ ನಾಲ್ಕನೆಯ ಆವೃತ್ತಿ ಅದನ್ನೇ ಮಾಡಲು ಹೊರಟಿತು. ಯಾವಾಗ ಬೇಕಾದರೂ ಬಳಸುವ ಶಕ್ತಿ, ಕಾಳಗಕ್ಕೊಮ್ಮೆ ಬಳಸುವ ಶಕ್ತಿ, ದಿನಕ್ಕೊಮ್ಮೆ ಬಳಸುವ ಶಕ್ತಿ ಎಂದು ಯೋಧನಿಗೂ ಮಾಂತ್ರಿಕನಿಗೂ ಒಂದೇ ಅಚ್ಚು. ಲೆಕ್ಕ ಸರಿಹೋಯಿತು. ಆದರೆ ಎಲ್ಲರೂ ಒಂದೇ ಥರ ಕಾಣುತ್ತಾರೆಂದು ಅನೇಕರು ಗೊಣಗಿದರು. ಅವರ ಗೊಣಗಾಟದಲ್ಲಿ ನ್ಯಾಯವಿದೆ ಅನ್ನಿಸುತ್ತದೆ ನನಗೆ.

ಕನ್ನಡ ಓದುವವರಿಗೆ ಈ ತೊಡಕು ಹೊಸದಾಗಬೇಕಿಲ್ಲ. 941ರ 'ವಿಕ್ರಮಾರ್ಜುನ ವಿಜಯ'ದಲ್ಲಿ ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಂದಿಗೆ ಒಂದಾಗಿಸಿದ. ಗೇಮರ್‌ಗಳ ಭಾಷೆಯಲ್ಲಿ ಹೇಳುವುದಾದರೆ ಅರ್ಜುನನನ್ನು 'ಬಫ್' ಮಾಡಿದ, ಅದೂ ಧಾರಾಳವಾಗಿ. ದ್ರೌಪದಿ ಅರ್ಜುನನೊಬ್ಬನ ಹೆಂಡತಿಯಾದಳು. ಕೊನೆಯಲ್ಲಿ ಪಟ್ಟವೂ ಅವನಿಗೇ. ಆದರೂ ದುಶ್ಶಾಸನನ ರಕ್ತದ ಪ್ರತಿಜ್ಞೆ, ದ್ರೌಪದಿಯ ಮುಡಿ, ದುರ್ಯೋಧನನ ತೊಡೆ, ಇವು ಭೀಮನವಾಗಿಯೇ ಉಳಿದವು. ಹೆಂಡತಿ ಅರ್ಜುನನವಳು, ಸೇಡು ಭೀಮನದು ಎಂಬುದು ಕಾವ್ಯದಲ್ಲಿ ಒಂದಿಷ್ಟು ಮುಜುಗರದ ಸಂಗತಿಯೇ. ಆ ಮುಜುಗರವನ್ನು ಪಂಪ ಸಹಿಸಿಕೊಂಡ. ಮುಂದೆ ರನ್ನ ತನ್ನ ದೊರೆ ಸತ್ಯಾಶ್ರಯನನ್ನು ಭೀಮನಲ್ಲಿ ಕಂಡು 'ಗದಾಯುದ್ಧ' ಬರೆದು, ಪಟ್ಟವನ್ನೂ ಭೀಮನಿಗೇ ಕಟ್ಟಿದ. ಬಲದ ತೂಕ ಕವಿಯಿಂದ ಕವಿಗೆ ಬದಲಾಯಿತು. ಗದೆಯ ಕೆಲಸ ಮಾತ್ರ ಬಿಲ್ಲಿನ ಕೈಗೆ ಹೋಗಲಿಲ್ಲ.

ಕೆಫೆಯ ಗೆಳೆಯನಿಗೆ ಸಿಗದೇ ಹೋದದ್ದು ಇಂಥ ಒಂದು ಕೆಲಸ. ಅವನ ಏಟಿಗೆ ಇನ್ನಷ್ಟು ಅಂಕ ಸೇರಿಸಿದ್ದರೂ ಅವನು ಎರಡನೆಯ ಮಾಂತ್ರಿಕೆಯಾಗುತ್ತಿದ್ದ, ಅಷ್ಟೆ. 'ಬಾಲ್ಡರ್ಸ್ ಗೇಟ್ 3' (2023) ಮಾಡಿದವರಿಗೆ ಇದು ಹೊಳೆದಂತಿದೆ. ಅಲ್ಲಿ ತೋಳ್ಬಲವಿದ್ದವನು ಗಾಬ್ಲಿನ್ ಒಂದನ್ನು ಎತ್ತಿ ಇನ್ನೊಂದರ ಮೇಲೆ ಎಸೆಯಬಹುದು. ಹಾಗೆ ಎಸೆದಾಗ ಎಷ್ಟು ಅಂಕದ ಪೆಟ್ಟಾಯಿತೆಂದು ಪಕ್ಕದಲ್ಲಿ ಕೂತವರು ಕೇಳುವುದಿಲ್ಲ. ಇನ್ನೊಮ್ಮೆ ಎಸಿ ಅನ್ನುತ್ತಾರೆ.